ಸ್ಟ್ರಾಂಗ್ ಕಾಫಿಗೆ ಯಾವುದು ಸರಿ: ಸ್ಟೀಲ್ ಫಿಲ್ಟರ್, ಬಟ್ಟೆ, ಮೋಕಾ ಪಾಟ್, ಫ್ರೆಂಚ್ ಪ್ರೆಸ್

ಹಾಲು ಬೆರೆಸಿದ ಮೇಲೂ ಕಾಫಿಯ ರುಚಿ ನಿಲ್ಲಬೇಕಾದರೆ ಡಿಕಾಕ್ಷನ್ ಗಟ್ಟಿಯಾಗಿರಬೇಕು. ಎಷ್ಟು ಪುಡಿಗೆ ಎಷ್ಟು ನೀರು ಹಾಕುತ್ತೀರಿ ಅನ್ನುವುದರ ಮೇಲೆ ಅದು ನಿಂತಿದೆ. ಕುದಿಸಿದರೆ ಕಹಿ ಹೆಚ್ಚುತ್ತದೆ, ಚಿಕೋರಿ ಸುರಿದರೆ ಬಣ್ಣ ಹೆಚ್ಚುತ್ತದೆ, ಅಷ್ಟೇ. ಇದೇ ಲೆಕ್ಕ ಹಿಡಿದು ನಾಲ್ಕು ವಿಧಾನಗಳನ್ನೂ ಅಕ್ಕಪಕ್ಕ ಮಾಡಿ ನೋಡಿದ್ದೇನೆ. ಬೀಜ ಎಲ್ಲದಕ್ಕೂ ಒಂದೇ: ಪ್ಲಾಂಟೇಷನ್ ಎ (ಅರೇಬಿಕಾ ತಳಿಯ ದಪ್ಪ ಬೀಜದ ದರ್ಜೆ) ಮತ್ತು ಪೀಬೆರಿ (ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ಗುಂಡು ಬೀಜ) ಸಮಸಮ, ಮಧ್ಯಮ ಹುರಿ. ಫಿಲ್ಟರಿಗೂ ಬಟ್ಟೆಗೂ 20% ಚಿಕೋರಿ ಸೇರಿಸಿದ್ದು, ಉಳಿದೆರಡಕ್ಕೆ ಶುದ್ಧ ಪುಡಿ.

ಹಾಲಿನ ಕಾಫಿಗೆ ಸ್ಟೀಲ್ ಫಿಲ್ಟರನ್ನು ಮೀರಿಸಿದ್ದು ಇವುಗಳಲ್ಲಿ ಯಾವುದೂ ಇಲ್ಲ. 1 ಗ್ರಾಂ ಪುಡಿಗೆ ಬರೀ 5 ಮಿಲೀ ನೀರು ಹಾಕಿದರೂ ಅದು ಸಲೀಸಾಗಿ ಇಳಿಸುತ್ತದೆ. 30 ಗ್ರಾಂ ಪುಡಿ, ಅಂದರೆ ಮಟ್ಟಸವಾಗಿ ಐದಾರು ದೊಡ್ಡ ಚಮಚ, ಮತ್ತು 150 ಮಿಲೀ ನೀರು. ಚರಟ ಹೀರಿಕೊಂಡು ಉಳಿದದ್ದು ಸುಮಾರು 90 ಮಿಲೀ ಕೆಳಗೆ ಸಿಗುತ್ತದೆ.

ಮೇಲಿನ ಪಾತ್ರೆ ಪೂರ್ತಿ ಒಣಗಿರಬೇಕು. ತಳದಲ್ಲಿ ನೀರಿನ ಪಸೆ ಇದ್ದರೆ ಪುಡಿ ಅಲ್ಲೇ ಮೆತ್ತಿಕೊಂಡು ತೂತು ಕಟ್ಟುತ್ತದೆ. ಪುಡಿ ಹಾಕಿ, ಪಕ್ಕಕ್ಕೆ ತಟ್ಟಿ ಮಟ್ಟ ಮಾಡಿ, ಕೊಡೆಯಂಥ ಬಿಲ್ಲೆಯನ್ನು ಕೂರಿಸಿ ಮೆಲ್ಲಗೆ ಒತ್ತಿ. ಕುದಿ ಬಂದ ನೀರನ್ನು ಮೊದಲು ಎರಡು ಚಮಚ ಮಾತ್ರ ಸುತ್ತ ಹಾಕಿ ಅರ್ಧ ನಿಮಿಷ ಬಿಡಿ. ಪುಡಿ ಹೊಸದಾಗಿದ್ದರೆ ಬಿಲ್ಲೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದು, ಬಿಲ್ಲೆ ಒಂದು ಕೂದಲೆಳೆಯಷ್ಟು ಮೇಲೇಳುತ್ತದೆ. ಹುರಿಯುವಾಗ ಬೀಜದೊಳಗೆ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತಿರುವ ಗುರುತು ಇದು. ಏನೂ ಆಗಲಿಲ್ಲ ಅಂದರೆ ಪುಡಿ ಹಳತಾಗಿದೆ ಎಂದೇ ಅರ್ಥ. ಆಮೇಲೆ ಉಳಿದ ನೀರು ಸುರಿದು ಮುಚ್ಚಳ ಹಾಕಿ 15–20 ನಿಮಿಷ ಮುಟ್ಟಬೇಡಿ.

ಐದೇ ನಿಮಿಷದಲ್ಲಿ ಸುರ್ರನೆ ಇಳಿದರೆ ಪುಡಿ ತರಿಯಾಗಿದೆ, ಇಲ್ಲವೇ ಫಿಲ್ಟರ್ ದೊಡ್ಡದಾಗಿ ಪುಡಿಯ ಪದರ ತೆಳುವಾಗಿದೆ. ಇಬ್ಬರಿಗೆ ಆರು ಕಪ್ಪಿನ ಫಿಲ್ಟರ್ ತಂದರೆ ಆಗುವುದು ಇದೇ. ಇಳಿಯದೇ ನಿಂತರೆ ಮೊದಲು ಮೇಲಿನ ಪಾತ್ರೆಯನ್ನು ಕೊಂಚ ಎತ್ತಿ ಮತ್ತೆ ಕೂರಿಸಿ. ಎರಡು ಪಾತ್ರೆಗಳ ನಡುವೆ ಗಾಳಿ ಸಿಕ್ಕಿಕೊಂಡು ತಡೆಯುವುದು ತುಂಬ ಸಾಮಾನ್ಯ. ಎತ್ತಿದ ಕೂಡಲೇ ತೊಟ್ಟಿಕ್ಕಲು ಶುರುವಾಗುತ್ತದೆ. ಆಗಲೂ ಇಳಿಯದಿದ್ದರೆ ಪುಡಿ ತೀರಾ ನುಣ್ಣಗಿದೆ ಅಥವಾ ತೂತುಗಳಲ್ಲಿ ಎಣ್ಣೆ ಜಿಡ್ಡು ಕಟ್ಟಿದೆ. ತೊಳೆದು ಒಣಗಿಸಿದ ಮೇಲಿನ ಪಾತ್ರೆಯ ತಳವನ್ನು ಇಕ್ಕಳದಲ್ಲಿ ಹಿಡಿದು ಸಣ್ಣ ಉರಿಯ ಮೇಲೆ ಒಂದೆರಡು ನಿಮಿಷ ಕಾಯಿಸಿ. ಜಿಡ್ಡು ಸುಟ್ಟು ಉದುರುತ್ತದೆ. ಉಳಿದದ್ದಕ್ಕೆ ಸೂಜಿ ಸಾಕು. ಬೆಳಕಿಗೆ ಹಿಡಿದರೆ ಎಲ್ಲ ತೂತೂ ಕಾಣಬೇಕು.

ಎರಡನೇ ಸಲ ನೀರು ಹಾಕಿ ಇಳಿಸಿದ್ದನ್ನು ದಯವಿಟ್ಟು ಮೊದಲನೆಯದಕ್ಕೆ ಬೆರೆಸಬೇಡಿ. ಅಷ್ಟು ಕಷ್ಟಪಟ್ಟು ಇಳಿಸಿದ ಗಟ್ಟಿ ಡಿಕಾಕ್ಷನ್ ಅಲ್ಲಿಗೆ ಮುಗಿಯಿತು. ಬೇರೆ ಲೋಟದಲ್ಲಿಟ್ಟು ಸಂಜೆಯ ಲೈಟ್ ಕಾಫಿಗೆ ಬಳಸಿ.

ಪುಡಿಯ ವಿಷಯ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಅದು ಬೇರಿನ ಪುಡಿ. ಬಣ್ಣ, ಮಂದತನ ಕೊಡುತ್ತದೆ, ನೀರನ್ನು ಹಿಡಿದಿಟ್ಟು ನಿಧಾನ ಇಳಿಯುವಂತೆ ಮಾಡುತ್ತದೆ. 15–20% ಇದ್ದರೆ ಫಿಲ್ಟರಿಗೆ ಉಪಕಾರವೇ. ಪ್ಯಾಕೆಟ್ಟಿನ ಮೇಲೆ 53:47 ಎಂದಿದ್ದರೆ ಹೆಚ್ಚುಕಡಿಮೆ ಅರ್ಧದಷ್ಟು ಕಾಫಿಯೇ ಅಲ್ಲ, ಎಷ್ಟು ಚಮಚ ಹಾಕಿದರೂ ಅಂಟಂಟು ಕಹಿಯೇ ಹೊರತು ಕಾಫಿಯ ಘಮ ಬರುವುದಿಲ್ಲ. ಕಿಕ್ ಬೇಕಾದವರು ಚಿಕೋರಿ ಹೆಚ್ಚಿಸುವ ಬದಲು ಕಾಲು ಭಾಗ ರೋಬಸ್ಟಾ ತಳಿಯ ಬೀಜ ಸೇರಿಸಿ ಪುಡಿ ಮಾಡಿಸಿಕೊಳ್ಳಿ. ಅರೇಬಿಕಾಗೆ ಹೋಲಿಸಿದರೆ ಅದರಲ್ಲಿ ಕೆಫೀನ್ ಸುಮಾರು ಎರಡು ಪಟ್ಟು, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಕಣ್ಣೆದುರೇ ಪುಡಿ ಮಾಡಿಕೊಡುವ ಅಂಗಡಿ ಹತ್ತಿರವಿದ್ದರೆ ಒಂದು ಸಲಕ್ಕೆ ಕಾಲು ಕಿಲೋ ಮೀರಿ ತರಬೇಡಿ.

ಬಟ್ಟೆಯಲ್ಲಿ ಸೋಸುವುದು ಮಲೆನಾಡು, ಕೊಡಗಿನ ಮನೆಗಳ ಹಳೆಯ ಕ್ರಮ. ಖರ್ಚಿಲ್ಲದ್ದು. ಅರ್ಧ ಲೀಟರ್ ನೀರು ಕುದಿಸಿ, ಒಲೆ ಆರಿಸಿ, 35 ಗ್ರಾಂ ಪುಡಿ ಹಾಕಿ ಒಮ್ಮೆ ಕದಡಿ, ನಾಲ್ಕು ನಿಮಿಷ ಮುಚ್ಚಿಟ್ಟು, ಮಂದವಾದ ಹತ್ತಿ ಬಟ್ಟೆಯಲ್ಲಿ ಸೋಸಿದರಾಯಿತು. ಪುಡಿ ಹಾಕಿದ ಮೇಲೆ ಕುದಿಸಿದರೆ ಘಮ ಆವಿಯಾಗಿ ಹೋಗುತ್ತದೆ. ಇಲ್ಲಿ 1 ಗ್ರಾಮಿಗೆ ನೀರು 14 ಮಿಲೀ, ಹಾಗಾಗಿ ಹಾಲು ಹಾಕಿದರೆ ತೆಳು. ಗಟ್ಟಿ ಮಾಡಲೆಂದು ನೀರು ಕಡಿಮೆ ಹಾಕಿದರೆ ಅದರಲ್ಲಿ ಅರ್ಧವನ್ನು ಬಟ್ಟೆಯೇ ಕುಡಿಯುತ್ತದೆ, ಹಿಂಡಿದರೆ ಗಷ್ಟು ಬರುತ್ತದೆ. ಆದರೆ ಬೆಲ್ಲದ ಕರಿ ಕಾಫಿಗೆ ಇದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ, ಹತ್ತು ಜನ ಬಂದಾಗಲೂ ಇದೇ ಸೈ. ಬಟ್ಟೆಗೆ ಸೋಪು ಮುಟ್ಟಿಸಬಾರದು. ಬಿಸಿನೀರಲ್ಲಿ ಜಾಲಿಸಿ ಬಿಸಿಲಿಗೆ ಹಾಕಿ. ಒದ್ದೆಯಾಗಿ ಮುದುರಿಟ್ಟರೆ ಮರುದಿನದ ಕಾಫಿಗೆ ಕಮಟು ವಾಸನೆ ಖಚಿತ.

ಮೋಕಾ ಪಾಟ್ ಅಂದರೆ ಒಲೆಯ ಮೇಲಿಟ್ಟು, ಕೆಳಗಿನ ನೀರನ್ನು ಹಬೆಯ ಒತ್ತಡದಿಂದ ಪುಡಿಯ ಬುಟ್ಟಿಯ ಮೂಲಕ ಮೇಲಕ್ಕೆ ಹತ್ತಿಸುವ ಪಾತ್ರೆ. ಇಟಲಿಯದು, 1933ರಿಂದ ರೂಪ ಹೆಚ್ಚೇನೂ ಬದಲಾಗಿಲ್ಲ. ಬೆಳಿಗ್ಗೆ ಐದೇ ನಿಮಿಷ ಇರುವವರಿಗೆ ನನ್ನ ಆಯ್ಕೆ ಇದು. ಮೂರು ಕಪ್ಪಿನದಕ್ಕೆ 16 ಗ್ರಾಂ ಪುಡಿ ಹಿಡಿಯುತ್ತದೆ. ಬುಟ್ಟಿ ತುಂಬಬೇಕು, ಒತ್ತಬಾರದು. ನೀರು ಕವಾಟದ ಕೆಳಗೇ ನಿಲ್ಲಬೇಕು, ಸುಮಾರು 150 ಮಿಲೀ. ಬಿಸಿನೀರೇ ಹಾಕಿ ಸಣ್ಣ ಉರಿಯಲ್ಲಿಡಿ. ತಣ್ಣೀರು ಕಾಯುವಷ್ಟು ಹೊತ್ತು ಪುಡಿ ಬೇಯುತ್ತಾ ಕೂತರೆ ಸುಟ್ಟ ರುಚಿ. ಗೊರಗೊರ ಸದ್ದು ಶುರುವಾದ ಕೂಡಲೇ ಇಳಿಸಿ. ಚಿಕೋರಿ ಬೆರೆತ ನುಣ್ಣನೆ ಪುಡಿ ಇದಕ್ಕೆ ಆಗದು: ಅಂಟಾಗಿ ಜಾಲರಿ ಕಟ್ಟಿ, ಹಬೆ ರಬ್ಬರ್ ವಾಷರಿನ ಸಂದಿಯಿಂದಲೋ ಕವಾಟದಿಂದಲೋ ನುಗ್ಗುತ್ತದೆ. ಅಲ್ಯೂಮಿನಿಯಂ ಪಾಟ್ ಇಂಡಕ್ಷನ್ ಒಲೆಯಲ್ಲಿ ಕಾಯುವುದಿಲ್ಲ, ಗ್ಯಾಸಿನ ಮೇಲೆ ಸಣ್ಣ ಸ್ಟ್ಯಾಂಡ್ ಇಲ್ಲದೆ ನಿಲ್ಲುವುದಿಲ್ಲ.

ಫ್ರೆಂಚ್ ಪ್ರೆಸ್ಸಿಗೆ, ಅಂದರೆ ನೆನೆದ ಪುಡಿಯನ್ನು ಜಾಲರಿಯಿಂದ ತಳಕ್ಕೆ ಒತ್ತುವ ಗಾಜಿನ ಜಗ್ಗಿಗೆ, ರವೆಯಷ್ಟು ತರಿ ಪುಡಿ ಬೇಕು. ನಮ್ಮ ಫಿಲ್ಟರ್ ಪುಡಿ ಹಾಕಿದರೆ ಕೊನೆಯ ಗುಟುಕು ಕೆಸರು. ಹಾಲಿಲ್ಲದ ಕಾಫಿ ಕುಡಿಯುವವರಿಗೆ ಸರಿ. ಗಾಜು ಒಡೆದರೆ ಮತ್ತೆ ಖರ್ಚು.

ಪುಡಿ ಕಿಲೋಗೆ 900 ರೂಪಾಯಿ ಎಂದು ಹಿಡಿದರೆ ಫಿಲ್ಟರಿನ 30 ಗ್ರಾಮಿಗೆ 27 ರೂಪಾಯಿ. 40 ಮಿಲೀ ಡಿಕಾಕ್ಷನ್, 80 ಮಿಲೀ ಹಾಲಿನ ಎರಡು ಗಟ್ಟಿ ಲೋಟ ಆಗುತ್ತದೆ, ಅಂದರೆ ಲೋಟಕ್ಕೆ ಪುಡಿಯ ಖರ್ಚು ಹದಿಮೂರೂವರೆ. ಮೋಕಾದಲ್ಲಿ ಸಮಸಮ ಹಾಲು ಹಾಕಿದರೆ ಲೋಟಕ್ಕೆ ಏಳು ರೂಪಾಯಿ ಆಸುಪಾಸು, ಆದರೆ ಲೋಟದಲ್ಲಿ ಕಾಫಿಯ ಸಾರವೂ ಅಷ್ಟೇ ಕಡಿಮೆ. ಪಾತ್ರೆಯ ಬೆಲೆ ನೋಡಿದರೆ ಸಾಧಾರಣ ಸ್ಟೀಲ್ ಫಿಲ್ಟರೇ ಮೋಕಾ ಪಾಟಿಗಿಂತ ಅಗ್ಗ, ಮತ್ತು ಅದರಲ್ಲಿ ಸವೆಯುವ ವಾಷರ್ ಇಲ್ಲ.

ಹಾಲಿಗೆ ನೀರು ಬೇಡ. ನಂದಿನಿಯ ನೀಲಿ ಪ್ಯಾಕೆಟ್ಟಿನಲ್ಲಿ ಕೊಬ್ಬು 3%. ಶುಭಂ ಹಾಲಾದರೆ 4.5%, ಅದೇ ಡಿಕಾಕ್ಷನ್ನಿಗೆ ಕಾಫಿ ಇನ್ನಷ್ಟು ಮಂದವಾಗುತ್ತದೆ. ಹಾಲು ಉಕ್ಕಿದ ಮೇಲೆ ಉರಿ ಆರಿಸಿ, ಲೋಟದಲ್ಲಿರುವ ಡಿಕಾಕ್ಷನ್ ಮೇಲೆ ಸುರಿಯಿರಿ. ಡಿಕಾಕ್ಷನ್ ತಣ್ಣಗಾಗಿದ್ದರೆ ಲೋಟವನ್ನು ಬಿಸಿನೀರಿನ ಬಟ್ಟಲಲ್ಲಿ ಎರಡು ನಿಮಿಷ ಇಡಿ, ಒಲೆಯ ಮೇಲೆ ಮಾತ್ರ ಇಡಬೇಡಿ.

ಹಾಸ್ಟೆಲಿನಲ್ಲೋ ಹೊರದೇಶದಲ್ಲೋ ಇರುವವರಿಗೆ ಎಲೆಕ್ಟ್ರಿಕ್ ಕೆಟಲ್ ಜೊತೆ ಎರಡು ಕಪ್ಪಿನ ಸ್ಟೀಲ್ ಫಿಲ್ಟರ್ ಸಾಕು. ಅಮೆರಿಕದಲ್ಲಿ ನ್ಯೂ ಆರ್ಲಿಯನ್ಸ್ ಶೈಲಿಯ, ಚಿಕೋರಿ ಬೆರೆತ ಡಬ್ಬಿ ಕಾಫಿ ಸಿಗುತ್ತದೆ, ನಮ್ಮ ರುಚಿಗೆ ಹತ್ತಿರ. ಎಸ್ಪ್ರೆಸ್ಸೊಗೆಂದು ಪುಡಿ ಮಾಡಿದ್ದನ್ನು ಕೊಳ್ಳಬೇಡಿ, ಅದು ಫಿಲ್ಟರಿನ ತೂತು ಕಟ್ಟುವಷ್ಟು ನುಣ್ಣಗಿರುತ್ತದೆ.