ಮೋಡ ಇದ್ದರೂ ನೆಲ ಕಾಣುತ್ತದೆ: ಸೆಂಟಿನೆಲ್-1 ರಾಡಾರ್ ಚಿತ್ರಗಳು ಹೇಗಿವೆ?

ಮಳೆಗಾಲದಲ್ಲಿ ನಮ್ಮ ಕಡೆಯ ಮಾಮೂಲಿ ಉಪಗ್ರಹ ಚಿತ್ರ ತೆಗೆದು ನೋಡಿ, ಬರೀ ಮೋಡ. ನೆಲ ನೋಡಲೇಬೇಕಾದ ಹೊತ್ತಿನಲ್ಲೇ ನೆಲ ಕಾಣುವುದಿಲ್ಲ. ಅದಕ್ಕೇ ನನಗೆ ಯುರೋಪಿನವರ ಸೆಂಟಿನೆಲ್-1 ರಾಡಾರ್ ಉಪಗ್ರಹ ತುಂಬಾ ಇಷ್ಟ. ಸುಮಾರು 5.6 ಸೆಂ.ಮೀ. ಉದ್ದದ ಮೈಕ್ರೋವೇವ್ ಅಲೆಗಳನ್ನು ತಾನೇ ಕಳಿಸಿ, ವಾಪಸ್ ಬಂದದ್ದನ್ನು ಅಳೆಯುತ್ತದೆ. ರಾತ್ರಿಯಾದರೂ ಸರಿ, ಮೋಡ ಕವಿದರೂ ಸರಿ. 2014ರಿಂದ ತೆಗೆದ ಚಿತ್ರಗಳಿವೆ, ಪೂರ್ತಿ ಉಚಿತ, ಒಂದು ಖಾತೆ ತೆರೆದರೆ ಸಾಕು.

ನೀರು ಗುರುತಿಸುವುದರಲ್ಲಿ ಇದನ್ನು ಕಣ್ಣುಮುಚ್ಚಿ ಶಿಫಾರಸು ಮಾಡುತ್ತೇನೆ. ನಿಂತ ನೀರಿಗೆ ಬಿದ್ದ ಅಲೆ ಆಚೆ ಕಡೆ ಹಾರಿ ಹೋಗುತ್ತದೆ, ಉಪಗ್ರಹಕ್ಕೆ ವಾಪಸ್ ಬರುವುದು ತೀರಾ ಕಡಿಮೆ, ಹಾಗಾಗಿ ಅಲ್ಲಿ ಕಪ್ಪು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿದ್ದವಲ್ಲ, ಆಗಿನ ಚಿತ್ರವನ್ನು ಮೇ ತಿಂಗಳ ಚಿತ್ರದ ಪಕ್ಕ ಇಟ್ಟರೆ ಹೊಳೆ ಎಲ್ಲಿಯವರೆಗೆ ಹರಡಿತ್ತು ಅಂತ ಗುರುತು ಹಾಕಬಹುದು. ಗಂಗಾವತಿ ಕಡೆಯ ಭತ್ತದ ಗದ್ದೆಗಳನ್ನೂ ನೋಡಿ. ನಾಟಿ ಹೊತ್ತಿಗೆ ನೀರು ನಿಂತು ಕಪ್ಪಾಗಿರುವ ಗದ್ದೆ, ಪೈರು ಬೆಳೆದಂತೆಲ್ಲ ಬೆಳ್ಳಗಾಗುತ್ತಾ ಹೋಗುತ್ತದೆ. ಒಂದು ಎಚ್ಚರಿಕೆ: ಜೋರು ಗಾಳಿಗೆ ನೀರಿನ ಮೇಲೆ ತೆರೆ ಎದ್ದರೆ ಕೆರೆಯೂ ಬೆಳ್ಳಗೆ, ನೆಲದ ಹಾಗೇ ಕಾಣುತ್ತದೆ.

ಊರುಗಳ ವಿಷಯದಲ್ಲಿ ಮಾತ್ರ ಅಷ್ಟು ಖುಷಿಯಿಲ್ಲ. ಗೋಡೆ ಮತ್ತು ನೆಲ ಸೇರುವ ಕಡೆ ಎರಡು ಸಲ ಬಡಿದ ಅಲೆ ಬಂದ ದಾರಿಯಲ್ಲೇ ತಿರುಗುತ್ತದೆ, ಆದ್ದರಿಂದ ಕಟ್ಟಡಗಳು ಫಳಫಳ ಹೊಳೆಯುತ್ತವೆ. ಆದರೆ ಬೀದಿಗಳು ಉಪಗ್ರಹ ನೋಡುವ ದಿಕ್ಕಿಗೆ ಓರೆಯಾಗಿದ್ದರೆ, ಮನೆಗಳು ಅಷ್ಟೇ ಒತ್ತಾಗಿದ್ದರೂ ಮಂಕಾಗಿ ಕಾಣುತ್ತವೆ. ಬೆಂಗಳೂರಿನ ಬಡಾವಣೆಗೆ ನುಗ್ಗಿದ ನೀರನ್ನು ಇದರಲ್ಲಿ ಹುಡುಕಲು ಹೋಗಬೇಡಿ. ಸಾಮಾನ್ಯವಾಗಿ ಸಿಗುವ ಚಿತ್ರದ ಸೂಕ್ಷ್ಮತೆ ಸುಮಾರು 20 ಮೀಟರ್, ಅದಕ್ಕಿಂತ ಚಿಕ್ಕದು ಬೇರೆಯಾಗಿ ಕಾಣುವುದಿಲ್ಲ, ಮೇಲಾಗಿ ಮನೆಗಳ ನಡುವೆ ನಿಂತ ನೀರು ಕಪ್ಪಾಗುವ ಬದಲು ಹೊಳಪನ್ನು ಇನ್ನೂ ಹೆಚ್ಚಿಸಬಹುದು!

ಪಶ್ಚಿಮ ಘಟ್ಟದಲ್ಲೂ ಕಷ್ಟ. ಉಪಗ್ರಹದ ಕಡೆಗಿನ ಇಳಿಜಾರು ಕುಗ್ಗಿ ಹೋಗುತ್ತದೆ, ಬೆಟ್ಟ ಕಡಿದಾಗಿದ್ದರೆ ಹಿಂದಿನ ಕಡೆ ನೆರಳು. ದಟ್ಟ ಕಾಡಿನಲ್ಲಿ ಈ ಅಲೆ ಎಲೆ, ಕೊಂಬೆಗಳಲ್ಲೇ ನಿಂತುಬಿಡುತ್ತದೆ. ಕಾಡಿನ ಕೆಲಸಕ್ಕೆ ಎಲೆಗಳನ್ನು ದಾಟಿ ಒಳಗೆ ಹೋಗುವ ಸುಮಾರು 24 ಸೆಂ.ಮೀ. ಅಲೆಯೂ ಇರುವ ನಿಸಾರ್ ಉಪಗ್ರಹ ಬೇಕು, ಇಸ್ರೋ ಮತ್ತು ನಾಸಾ ಸೇರಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿಸಿದ್ದು.

ಇನ್ನೊಂದು ಕೊರತೆ ಸಮಯದ್ದು. ಒಂದು ಉಪಗ್ರಹ ಅದೇ ದಾರಿಗೆ ಮರಳಲು 12 ದಿನ. ಅಷ್ಟರಲ್ಲಿ ಪ್ರವಾಹ ಬಂದು ಇಳಿದೂ ಹೋಗಿರುತ್ತದೆ, ಅಲ್ವಾ? ಸೆಂಟಿನೆಲ್-1 ಅಂದರೆ ಒಂದೇ ಉಪಗ್ರಹವಲ್ಲ, 1ಎ, 1ಬಿ, 1ಸಿ ಹೀಗೆ ಒಂದೇ ಬಗೆಯ ಉಪಗ್ರಹಗಳ ಸಾಲು. 2021ರ ಡಿಸೆಂಬರ್‌ನಲ್ಲಿ 1ಬಿ ಕೆಟ್ಟ ಮೇಲೆ, 2024ರ ಡಿಸೆಂಬರ್‌ನಲ್ಲಿ 1ಸಿ ಹಾರುವವರೆಗೆ 1ಎ ಒಂದೇ ಎಲ್ಲ ಕೆಲಸ ಮಾಡಿತು.

ಚಿತ್ರ ತಿದ್ದಲು ಸ್ನ್ಯಾಪ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಒಳ್ಳೆಯದೇ, ಆದರೆ ಮೆಮೊರಿ ಜಾಸ್ತಿ ತಿನ್ನುತ್ತದೆ. ಕಕ್ಷೆ ಸರಿಪಡಿಸಿ, ಅಳತೆ ಹೊಂದಿಸಿ, ಕಾಳುಕಾಳಾಗಿ ಕಾಣುವ ಚುಕ್ಕಿಗಳನ್ನು ತಗ್ಗಿಸಿ, ಬೆಟ್ಟಗಳಿಂದಾದ ಓರೆ ತಿದ್ದುವಷ್ಟರಲ್ಲಿ ಸಾಧಾರಣ ಲ್ಯಾಪ್‌ಟಾಪ್ ಸುಸ್ತು. ಹೊಸಬರು ಸುಮ್ನೆ ಒದ್ದಾಡುವ ಬದಲು ಗೂಗಲ್ ಅರ್ಥ್ ಎಂಜಿನ್ ಎಂಬ ಜಾಲತಾಣಕ್ಕೆ ಹೋಗಿ, ಅಲ್ಲಿ ಈ ಕೆಲಸದ ಬಹುಪಾಲು ಮುಗಿದಿರುತ್ತದೆ, ಚುಕ್ಕಿ ತಗ್ಗಿಸುವುದು ಮಾತ್ರ ನಿಮ್ಮ ಪಾಲಿಗೆ. ಆಲಮಟ್ಟಿ ಜಲಾಶಯದ ಮೇ ಮತ್ತು ಸೆಪ್ಟೆಂಬರ್ ಚಿತ್ರಗಳಿಂದ ಶುರು ಮಾಡಿ. ಎರಡೂ ಒಂದೇ ದಾರಿಯಿಂದ ತೆಗೆದವಾಗಿರಲಿ, ಇಲ್ಲದಿದ್ದರೆ ನೋಟದ ಕೋನ ಬದಲಾಗಿ ನೆಲವೇ ಬದಲಾದಂತೆ ಕಾಣುತ್ತದೆ.