ಮಾಲ್ಡೀವ್ಸ್‌ಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊರಟಿದ್ದೀರಾ? ಮೊದಲು ದ್ವೀಪಕ್ಕೆ ಹೋಗೋದು ಹೇಗೆ ಅಂತ ಕೇಳಿ

ಮಾಲೆ ವಿಮಾನ ನಿಲ್ದಾಣದಿಂದ ನಾವು ಹೊರಗೆ ಬಂದಾಗ ಸಂಜೆ 4:45. 11 ಜನ, 14 ಬ್ಯಾಗು, ಜೊತೆಗೆ ಮಾವನವರ ಮಡಚುವ ವಾಕರ್. ರೆಸಾರ್ಟಿನ ಬೋರ್ಡು ಹಿಡಿದು ನಿಂತಿದ್ದ ಹುಡುಗ ಕೈಲಿದ್ದ ಪಟ್ಟಿ ನೋಡಿದ, ನಮ್ಮ ಮುಖ ನೋಡಿದ, ಮತ್ತೆ ಪಟ್ಟಿ ನೋಡಿದ. “ಇವತ್ತಿನ ಸೀಪ್ಲೇನ್ ಎಲ್ಲ ಮುಗೀತು ಮೇಡಂ, ಇನ್ನು ನಾಳೆ ಬೆಳಗ್ಗೆ” ಅಂದ.

4 ರಾತ್ರಿಯ ಪ್ಯಾಕೇಜಿನಲ್ಲಿ ಒಂದು ರಾತ್ರಿ ಅಲ್ಲೇ ಹೋಯಿತು. ದುಡ್ಡು ಮೊದಲೇ ಕಟ್ಟಿಯಾಗಿತ್ತು.

ಇದು 2025ರ ಅಕ್ಟೋಬರಿನ ಮಾತು. ಗಂಡ ಹೆಂಡತಿ ಇಬ್ಬರೇ ಹೋಗುವವರಿಗೆ ನಾನು ಬರೆಯುತ್ತಿಲ್ಲ, ಅವರು ಹಾಯಾಗಿ ಹೋಗಿಬರಲಿ. ಅತ್ತೆ ಮಾವ, ಅಪ್ಪ ಅಮ್ಮ, ನಾನು, ನಮ್ಮವರು, ನಮ್ಮಿಬ್ಬರು ಮಕ್ಕಳು, ನಾದಿನಿ, ಅವಳ ಗಂಡ, ಅವರ ಒಂದು ವರ್ಷದ ಕೂಸು ಅಂತ ಬೀಗರನ್ನೂ ಸೇರಿಸಿ ದಂಡು ಕಟ್ಟಿಕೊಂಡು ಹೋಗುವ ಆಸೆ ಯಾರಿಗಿದೆಯೋ ಅವರು ಓದಿ. ಟ್ರಾವೆಲ್ ಏಜೆಂಟನ ಹೆಸರು, ರೆಸಾರ್ಟಿನ ಹೆಸರು ಕೇಳಬೇಡಿ, ಹೇಳುವುದಿಲ್ಲ. ಇಂಥದ್ದು ಯಾರ ಹತ್ತಿರ ಬುಕ್ ಮಾಡಿದರೂ ಆಗಬಹುದು.

ಏಜೆಂಟ್ ನಮಗೆ ಹೇಳಿದ್ದು ಒಂದೇ ಮಾತು, “ಏರ್‌ಪೋರ್ಟಿಂದ ಬರೀ 35 ನಿಮಿಷ.” ನಾವು ಟ್ಯಾಕ್ಸಿ ಲೆಕ್ಕದಲ್ಲಿ ಯೋಚಿಸಿದ್ದೆವು. ಮಾಲ್ಡೀವ್ಸ್ ಅಂದರೆ ಸುಮಾರು 1,200 ಪುಟ್ಟ ದ್ವೀಪಗಳು, ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಉದ್ದಕ್ಕೆ ಚೆಲ್ಲಿಕೊಂಡಿವೆ. ವಿಮಾನ ನಿಲ್ದಾಣವಿರುವುದೇ ಹುಲುಲೆ ಅನ್ನುವ ಒಂದು ದ್ವೀಪದಲ್ಲಿ. ಒಂದು ರೆಸಾರ್ಟಿಗೆ ಒಂದು ದ್ವೀಪ. ನಮ್ಮದು ಬಾ ಅಟಾಲ್‌ನಲ್ಲಿ (ಅಟಾಲ್ ಅಂದರೆ ಬಳೆಯ ಹಾಗೆ ಸುತ್ತುಗಟ್ಟಿದ ಹವಳದ ದ್ವೀಪಗಳ ಗುಂಪು), ನೂರು ಕಿಲೋಮೀಟರಿಗೂ ಆಚೆ. ಆ 35 ನಿಮಿಷ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದ್ದು, ಮತ್ತು ಅದು ಹಾರುವುದು ಹಗಲಲ್ಲಿ ಮಾತ್ರ. ಕತ್ತಲಾಗುವುದರೊಳಗೆ ಅದು ಹೋಗಿ ಇಳಿದಿರಬೇಕು. ಹಾಗಾಗಿ ನಿಮ್ಮ ದೊಡ್ಡ ವಿಮಾನ ಮಾಲೆಗೆ ಮಧ್ಯಾಹ್ನ ಮೂರರೊಳಗೆ ಬರುವ ಹಾಗಿದ್ದರೆ ಸರಿ, ಅದು ದಾಟಿತೋ ರಾತ್ರಿ ಎಲ್ಲಿ ಮಲಗುವುದು ಅಂತ ಮೊದಲೇ ಯೋಚಿಸಿಟ್ಟುಕೊಳ್ಳಿ. ಸಂಜೆಯ ವಿಮಾನಕ್ಕೆ ಟಿಕೆಟ್ ಮಾಡಿಕೊಟ್ಟವನೂ ಅದೇ ಏಜೆಂಟ್, ಸೀಪ್ಲೇನಿನ ದ್ವೀಪ ತೋರಿಸಿದವನೂ ಅವನೇ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ವ್ಯವಧಾನ ಅವನಿಗೂ ಇರಲಿಲ್ಲ, ನಮಗೂ ಇರಲಿಲ್ಲ. ಬಾ ಅಟಾಲ್‌ನಲ್ಲೇ ಧರವಂದೂ ಅಂತ ಒಂದು ವಿಮಾನ ನಿಲ್ದಾಣವಿದೆ. ಮಾಲೆಯಿಂದ ಅಲ್ಲಿಗೆ ಕತ್ತಲಾದ ಮೇಲೂ ದೇಶೀಯ ವಿಮಾನ ಹೋಗುತ್ತದೆ, ಅಲ್ಲಿಂದ ಸ್ಪೀಡ್‌ಬೋಟ್. ಇದು ಗೊತ್ತಾಗಿದ್ದು ಮರುದಿನ, ರೆಸಾರ್ಟಿನವರು ಬಾಯಿಬಿಟ್ಟಾಗ.

ಆ ರಾತ್ರಿ ಪಕ್ಕದ ಹುಲುಮಾಲೆ ದ್ವೀಪಕ್ಕೆ ಹೋದೆವು. ರಸ್ತೆಯಲ್ಲೇ ಹೋಗಬಹುದು, ಅಷ್ಟು ಪುಣ್ಯ. ನಾಲ್ಕು ರೂಮು, ಮೂರು ಗಾಡಿ, 14 ಬ್ಯಾಗನ್ನು ಎರಡನೇ ಮಹಡಿಗೆ ಹೊತ್ತ ಇಬ್ಬರು ಹುಡುಗರು. ಮಾವ ಮಾತ್ರ ಹಾಸಿಗೆ ಮೇಲೆ ಕೂತು, “ಸಮುದ್ರ ಕಾಣುತ್ತಲ್ಲ, ಇದೇ ಸಾಕಿತ್ತು” ಅಂದರು. ಆಗ ಸಿಟ್ಟು ಬಂತು. ಆಮೇಲೆ ಅವರ ಮಾತೇ ಸರಿ ಅನ್ನಿಸಿತು.

ವಿಮಾನ ನಿಲ್ದಾಣದಿಂದ ಹೊರಗೆ ಬರುವ ಮುಂಚೆಯೇ ಇನ್ನೊಂದು ನಡೆದಿತ್ತು. ಅತ್ತೆಯವರು ಎಲ್ಲಿಗೆ ಹೋದರೂ ಹೆಬ್ಬೆರಳಷ್ಟು ಎತ್ತರದ ಹಿತ್ತಾಳೆಯ ಅಂಬೆಗಾಲು ಕೃಷ್ಣನನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಒಯ್ಯುತ್ತಾರೆ. ಅಲ್ಲಿ ಬರುವಾಗಲೂ ಕಸ್ಟಮ್ಸ್‌ನವರು ಬ್ಯಾಗುಗಳನ್ನು ಎಕ್ಸ್‌ರೇಗೆ ಹಾಕುತ್ತಾರೆ. ಪೂಜೆಯ ವಿಗ್ರಹವನ್ನು ಆ ದೇಶದೊಳಗೆ ತರುವಂತಿಲ್ಲ, ಮದ್ಯ ಮತ್ತು ಹಂದಿಮಾಂಸದ ಪದಾರ್ಥ ತರುವಂತಿಲ್ಲದ ಹಾಗೆಯೇ. ಅಧಿಕಾರಿಣಿ ಮರ್ಯಾದೆಯಿಂದಲೇ ಮಾತಾಡಿದಳು. ಬಟ್ಟೆ ಬಿಚ್ಚಿ ನೋಡಿ, ಮತ್ತೆ ಹಾಗೇ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ನಂಬರು ಬರೆದು, ರಸೀದಿ ಕೊಟ್ಟು, ವಾಪಸ್ ಹೋಗುವಾಗ ತಗೊಳ್ಳಿ ಅಂದಳು. ಅತ್ತೆ ಆ ರಸೀದಿಯನ್ನು ಕೈಯಲ್ಲೇ ಹಿಡಿದು ಕೂತರು. “ನೀರು ನೈವೇದ್ಯ ಇಲ್ಲದೆ ನಾಲ್ಕು ದಿನ ಅಲ್ಲೇ ಬೀರುವಿನಲ್ಲಿ ಇರಬೇಕೇನಮ್ಮ ಅವನು?” ಅಂತ ನನ್ನನ್ನು ಕೇಳಿದರೆ ನಾನೇನು ಹೇಳಲಿ? ಆ ದೇಶದ ಕಾನೂನು ಅದು, ತಕರಾರಿಲ್ಲ. ಹೊರಡುವ ಮುಂಚೆ ಒಬ್ಬರಾದರೂ ಹೇಳಬೇಕಿತ್ತು ಅಷ್ಟೆ. ಮನೆಯಲ್ಲಿ ಹಿರಿಯರಿದ್ದರೆ ಅವರ ಕೈಚೀಲವನ್ನು ನೀವೇ ಒಮ್ಮೆ ಬಿಚ್ಚಿ ನೋಡಿ.

ಇನ್ನು ಪ್ರಯಾಣಿಕರ ಘೋಷಣೆಯ ಫಾರಂ. ಇಮುಗಾ ಅನ್ನುವ ಸರ್ಕಾರಿ ಜಾಲತಾಣದಲ್ಲಿ, ಪ್ರಯಾಣಕ್ಕೆ ಮುಂಚಿನ 96 ಗಂಟೆಯೊಳಗೆ ತುಂಬಬೇಕು. ಕೂಸಿಗೂ ಬೇಕು, ವಾಪಸ್ ಬರುವಾಗ ಇನ್ನೊಮ್ಮೆ ಬೇಕು. ಅದಕ್ಕೆ ಒಂದು ಕಾಸೂ ಇಲ್ಲ. ನಾದಿನಿಯ ಗಂಡ ಹುಡುಕಿದಾಗ ಮೊದಲು ಸಿಕ್ಕ ತಾಣದಲ್ಲಿ ಮೂವರಿಗೆ ದುಡ್ಡು ಕಟ್ಟಿ ತುಂಬಿದ್ದರು, ಅದು ಸರ್ಕಾರದ್ದೇ ಅಲ್ಲ. ವೀಸಾ ಅಲ್ಲಿ ಇಳಿದ ಮೇಲೆ ಬಿಟ್ಟಿಯಾಗಿ ಸಿಗುತ್ತದೆ. ಯಾರಾದರೂ ವೀಸಾ ಶುಲ್ಕ ಅಂದರೆ ಅಲ್ಲೇ ನಿಲ್ಲಿಸಿ.

ಮಾರನೇ ಬೆಳಗ್ಗೆ ಸೀಪ್ಲೇನ್ ಕೌಂಟರಿನಲ್ಲಿ ತೂಕ. ತಲೆಗೆ 20 ಕಿಲೋ, ಕೈಚೀಲಕ್ಕೆ 5 ಕಿಲೋ. ದೊಡ್ಡ ವಿಮಾನದಲ್ಲಿ ನಮಗೆ ತಲೆಗೆ 30 ಇತ್ತು, ಅಮ್ಮ ಅದನ್ನು ಸಂಪೂರ್ಣ ಸದುಪಯೋಗಪಡಿಸಿಕೊಂಡಿದ್ದರು. ಚಕ್ಕುಲಿ ಡಬ್ಬಿಗೂ ಸೇರಿ ಕಿಲೋ ಲೆಕ್ಕದಲ್ಲಿ ಡಾಲರ್ ಕಟ್ಟಿದೆವು. 15 ಸೀಟಿನ ಆಸುಪಾಸಿನ ವಿಮಾನ ಅದು, 11 ಜನರಿಗೆ ಒಟ್ಟಿಗೆ ಜಾಗವಿರಲಿಲ್ಲ. ಅರ್ಧ ಜನ ಒಂಬತ್ತಕ್ಕೆ, ಉಳಿದವರು ಹನ್ನೊಂದೂವರೆಗೆ. ಒಳಗೆ ಏಸಿ ಇಲ್ಲ, ಸದ್ದಿಗೆ ಕಿವಿಗೆ ತುರುಕಿಕೊಳ್ಳಲು ಸ್ಪಂಜಿನ ಬಿರಡೆ ಕೊಡುತ್ತಾರೆ. ಕೂಸು ಅದನ್ನು ಬಾಯಿಗೆ ಹಾಕಿಕೊಂಡಿತು.

ಹಾರಾಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕೆಳಗೆ ನೀಲಿಯೊಳಗೆ ಹಸಿರು ಬಳೆಗಳ ಹಾಗೆ ದ್ವೀಪಗಳು, ಬರಿಗಾಲಿನ ಪೈಲಟ್. ತಾಪತ್ರಯ ಶುರುವಾಗಿದ್ದು ಇಳಿಯುವಾಗ. ವಿಮಾನ ನಿಂತಿದ್ದು ನೀರಿನ ನಡುವೆ ತೇಲುವ ಒಂದು ಹಲಗೆಯ ಪಕ್ಕ. ಗಾಳಿಯಿತ್ತು. ಅಕ್ಟೋಬರ್ ಅಲ್ಲಿ ಇನ್ನೂ ನೈಋತ್ಯ ಮಾರುತದ ಬಾಲ. ವಿಮಾನ ಒಂದು ಲಯದಲ್ಲಿ ತೂಗುತ್ತಿತ್ತು, ಹಲಗೆ ಇನ್ನೊಂದು ಲಯದಲ್ಲಿ. ನಡುವೆ ಅಂಗೈ ಅಗಲದ ಮೂರು ಮೆಟ್ಟಿಲಿನ ಏಣಿ. ಮಾವನಿಗೆ ಎರಡೂ ಮಂಡಿ ಶಸ್ತ್ರಚಿಕಿತ್ಸೆಯಾಗಿದೆ. ಒಬ್ಬ ಸಿಬ್ಬಂದಿ ಮುಂದೆ, ಒಬ್ಬ ಹಿಂದೆ. ಮಾವ ಬಲಗಾಲು ಕೆಳಗಿಟ್ಟಾಗ ಹಲಗೆ ಕೆಳಗೆ ಹೋಯಿತು, ಎಡಗಾಲು ಎತ್ತುವಷ್ಟರಲ್ಲಿ ಮೇಲೆ ಬಂತು. ಅವರ ಕೈ ಬಾಗಿಲಿನ ಅಂಚನ್ನು ಹಿಡಿದು ಬೆಳ್ಳಗಾಗಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅಲ್ಲಿಂದ ಮತ್ತೆ ಧೋನಿ ಅನ್ನುವ ಅವರ ದೋಣಿ, ಅದಕ್ಕೂ ಹಾಗೇ ಹತ್ತಿ ಇಳಿಯಬೇಕು. ಮೂರು ದಿನ ಮಾವ ಯೋಚಿಸಿದ್ದು ಸಮುದ್ರದ ಬಗ್ಗೆ ಅಲ್ಲ, ವಾಪಸ್ ಹತ್ತುವ ಬಗ್ಗೆ.

ದರದ ಪಟ್ಟಿಯಲ್ಲಿ ರೂಮಿನ ಬೆಲೆ ಪಕ್ಕ ಎರಡು ಪ್ಲಸ್ ಚಿಹ್ನೆ ಇದ್ದವು. ನಮ್ಮವರು ಅದನ್ನು ಏನೋ ವಿಶೇಷ ಸವಲತ್ತು ಅಂದುಕೊಂಡಿದ್ದರು! ಒಂದು ಪ್ಲಸ್ ಶೇ. 10 ಸೇವಾ ಶುಲ್ಕ, ಇನ್ನೊಂದು ಪ್ರವಾಸೋದ್ಯಮದ ಜಿಎಸ್‌ಟಿ, 2025ರ ಜುಲೈನಿಂದ ಶೇ. 17. ಅದೂ ಸೇವಾ ಶುಲ್ಕ ಸೇರಿಸಿದ ಮೊತ್ತದ ಮೇಲೆ. 100 ಡಾಲರ್ ಅಂತ ಬರೆದದ್ದು ಬಿಲ್ಲಿನಲ್ಲಿ 128.70 ಆಗುತ್ತದೆ. ರಾತ್ರಿ ಬಫೆ, ಮಕ್ಕಳ ಜ್ಯೂಸು, ಎಲ್ಲಕ್ಕೂ ಇದೇ ಲೆಕ್ಕ. ಇದರ ಮೇಲೆ ಗ್ರೀನ್ ಟ್ಯಾಕ್ಸ್. 2025ರ ಜನವರಿಯಿಂದ ರೆಸಾರ್ಟಿನಲ್ಲಿ ತಲೆಗೆ ದಿನಕ್ಕೆ 12 ಡಾಲರ್, ಎರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ ವಿನಾಯಿತಿ. 10 ತಲೆ, 3 ರಾತ್ರಿ, 360 ಡಾಲರ್. ಸೀಪ್ಲೇನ್ ಹೋಗಿ ಬರಲು ದೊಡ್ಡವರಿಗೆ 520, ಮಕ್ಕಳಿಗೆ ಅರ್ಧ. 8 ದೊಡ್ಡವರು, 2 ಮಕ್ಕಳು, 4,680 ಡಾಲರ್. ನಮ್ಮೆಲ್ಲರ ಅಂತರರಾಷ್ಟ್ರೀಯ ಟಿಕೆಟ್ಟಿಗೂ ಅಷ್ಟಾಗಿರಲಿಲ್ಲ. ಇಬ್ಬರೇ ಹೋದರೆ ಇವೆಲ್ಲ ಸಣ್ಣ ಚುಚ್ಚು. ಅಲ್ಲಿ ರೂಮಿಗಿಂತ ತಲೆಗೆ ಬೀಳುವ ಲೆಕ್ಕವೇ ಜಾಸ್ತಿ, ನಮ್ಮಲ್ಲಿ ತಲೆಗಳೇ ಜಾಸ್ತಿ.

ಆ ದರದಲ್ಲಿ ಸಿಕ್ಕಿದ್ದು ನೀರಿನೊಳಗೆ ಕಂಬ ನೆಟ್ಟು ಕಟ್ಟಿದ ಎರಡು ವಾಟರ್ ವಿಲ್ಲಾ, ದಡದ ಮೇಲಿನ ಎರಡು ಬೀಚ್ ವಿಲ್ಲಾ. ಒಂದರಿಂದ ಇನ್ನೊಂದಕ್ಕೆ ದ್ವೀಪದ ಈ ತುದಿಯಿಂದ ಆ ತುದಿ. ಬಗ್ಗಿ ಗಾಡಿಗೆ ಫೋನ್ ಮಾಡಿ ಹದಿನೈದಿಪ್ಪತ್ತು ನಿಮಿಷ ಕಾಯಬೇಕು. ಒಟ್ಟಿಗೆ ಕೂತು ಹರಟಲೆಂದು ಹೋದವರು ಫೋನಿನಲ್ಲಿ “ಊಟ ಆಯ್ತಾ” ಅಂತ ಕೇಳಿಕೊಂಡೆವು. ನಾದಿನಿಯ ಪಾಲಿಗೆ ವಾಟರ್ ವಿಲ್ಲಾ ಬಂತು. ಫೋಟೋದಲ್ಲಿ ಎಷ್ಟು ಚಂದ! ಹೋಗಿ ನೋಡಿದರೆ ಜಗಲಿಗೆ ಕಂಬಿಯೇ ಇಲ್ಲ, ಜಗಲಿಯ ತುದಿಯಿಂದ ನೇರ ನೀರಿಗೆ ಏಣಿ. ಅಂಬೆಗಾಲಿಡುವ ಕೂಸು. ಒಳಗೆ ಹೋಗುವ ಮುಂಚೆ ಮಗುವಿನ ಜವಾಬ್ದಾರಿ ನಮ್ಮದೇ ಅಂತ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಅವಳು ಗಾಜಿನ ಬಾಗಿಲಿಗೆ ಚಿಲಕ ಹಾಕಿ, ಅದಕ್ಕೆ ಸೂಟ್‌ಕೇಸ್ ಅಡ್ಡ ಇಟ್ಟು, ಆ ಸಮುದ್ರವನ್ನು ಮೂರು ದಿನ ಒಳಗಿನಿಂದ ನೋಡಿದಳು.

ಅಮ್ಮನ ಕತೆ ಬೇರೆ. ಮೊದಲ ಬೆಳಗಿನ ತಿಂಡಿಗೆ ಒಂದು ಬಟ್ಟಲಲ್ಲಿ ತೆಂಗಿನ ತುರಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು, ನಿಂಬೆ. ಪಕ್ಕದಲ್ಲಿ ಚಪಾತಿಯಂಥದ್ದು. ಅಮ್ಮನ ಮುಖ ಅರಳಿತು, “ನೋಡೇ, ಕೋಸಂಬರಿ ಮಾಡಿದ್ದಾರೆ ಪಾಪ.” ಎರಡು ಚಮಚ ಹಾಕಿಕೊಂಡು ಬಂದರು. ಅದು ಮಸ್ ಹುನಿ. ಮಸ್ ಅಂದರೆ ಮೀನು. ತುರಿಯೊಳಗೆ ಟ್ಯೂನಾ ಎಳೆಎಳೆಯಾಗಿ ಬೆರೆತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅಮ್ಮ ಬಾಯಿಗೆ ಹಾಕಿಕೊಂಡಿದ್ದರು. ಆಮೇಲೆ ವಾಪಸ್ ಬರುವವರೆಗೆ ಅವರು ತಿಂದಿದ್ದು ಬಾಳೆಹಣ್ಣು, ಬ್ರೆಡ್ಡು, ಮತ್ತು ಯಾವ ಚಕ್ಕುಲಿಗೆ ನಾವು ತೂಕದ ಹಣ ಕಟ್ಟಿದ್ದೆವೋ ಅದೇ ಚಕ್ಕುಲಿ. ಅಡುಗೆಯವರು ಒಳ್ಳೆಯವರು. ಹೇಳಿದ ಮೇಲೆ ಬೇರೆ ಪಾತ್ರೆಯಲ್ಲಿ ಬೇಳೆ ಅನ್ನ ಮಾಡಿ ಕಳಿಸಿದರು. ಆದರೆ ಅಲ್ಲಿ ಮೀನು ಒಗ್ಗರಣೆಯ ಹಾಗೆ, ತರಕಾರಿ ಸಾರಿಗೂ ಬೀಳುತ್ತದೆ. “ವೆಜ್” ಅಂದರೆ ಸಾಲದು, ಮೀನಿನ ಪುಡಿಯೂ ಬೇಡ ಅಂತ ಬಿಡಿಸಿ ಹೇಳಿ.

ಇನ್ನೊಂದು ವಿಚಿತ್ರ. ಮಾಲೆಯ ಸಮಯ ನಮಗಿಂತ ಅರ್ಧ ಗಂಟೆ ಹಿಂದೆ. ಆದರೆ ಕೆಲವು ರೆಸಾರ್ಟುಗಳು ತಮ್ಮದೇ ಗಡಿಯಾರವನ್ನು ಮಾಲೆಗಿಂತ ಒಂದು ಗಂಟೆ ಮುಂದೆ ಇಟ್ಟುಕೊಂಡಿರುತ್ತವೆ. ಮೊಬೈಲ್ ತೋರಿಸುವುದು ಮಾಲೆಯ ಸಮಯ. ವಾಪಸಿನ ಸೀಪ್ಲೇನ್ ಎಷ್ಟಕ್ಕೆ ಅಂತ ಹಿಂದಿನ ಸಂಜೆಯಷ್ಟೇ ಗೊತ್ತಾಗುವುದು. ಬಾಗಿಲ ಸಂದಿಯಲ್ಲಿ ಚೀಟಿ ಬಂತು, ಬಗ್ಗಿ 6:30ಕ್ಕೆ. ಅಪ್ಪ ಮೊಬೈಲಿನಲ್ಲಿ ಅಲಾರಂ ಇಟ್ಟರು. ಮೊಬೈಲು 5:30 ತೋರಿಸುವಾಗ ಬಗ್ಗಿ ಬಂದು ಬಾಗಿಲು ಬಡಿಯಿತು. ಅಪ್ಪ ಪಂಚೆಯಲ್ಲೇ ಸೀಪ್ಲೇನ್ ಹತ್ತಿದರು.

ಮಕ್ಕಳಿಗೆ ಬಾ ಅಟಾಲ್‌ನ ಹನಿಫರು ಕೊಲ್ಲಿಯಲ್ಲಿ ಮಾಂಟಾ ಅನ್ನುವ ದೊಡ್ಡ ರೆಕ್ಕೆಯ ಮೀನು ತೋರಿಸುತ್ತೇವೆ ಅಂದಿದ್ದೆವು. ಗಾಳಿಗೆ ದೋಣಿ ಎರಡು ದಿನವೂ ರದ್ದಾಯಿತು.

ಮತ್ತೆ ಹೋಗುವುದಾದರೆ (ನಮ್ಮವರು ಹೋಗೋಣ ಅನ್ನುತ್ತಿದ್ದಾರೆ, ಹೇಗೆ ಬಾಯಿ ಬರುತ್ತದೋ) ಮಾಲೆಯ ಸುತ್ತಲಿನ ಕಾಫು ಅಟಾಲ್ ಬಿಟ್ಟು ಆಚೆ ಕಾಲಿಡುವುದಿಲ್ಲ. ಅಲ್ಲಿಗೆ ಸ್ಪೀಡ್‌ಬೋಟ್ ಸಾಕು, ಅದರಲ್ಲಿ ಹಿರಿಯರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಮುಂದೆ ಕುಕ್ಕುವುದು ಹೆಚ್ಚು. ಅಥವಾ ಮಾಫುಶಿಯಂಥ ಊರಿನ ಜನರೇ ಇರುವ ದ್ವೀಪದಲ್ಲಿ ಗೆಸ್ಟ್‌ಹೌಸ್. 50ಕ್ಕಿಂತ ಕಡಿಮೆ ರೂಮಿನ ಗೆಸ್ಟ್‌ಹೌಸಿನಲ್ಲಿ ಗ್ರೀನ್ ಟ್ಯಾಕ್ಸೂ 6 ಡಾಲರ್. ಇಡೀ ಮಹಡಿ ಹಿಡಿದರೆ ಎಲ್ಲರೂ ಒಂದೇ ಕಡೆ ಇರಬಹುದು. ಅಲ್ಲಿ ಮದ್ಯ ಸಿಗುವುದಿಲ್ಲ, ಈಜುಡುಗೆಗೆ ಬೇರೆಯೇ ಬೀಚು. ನಮ್ಮ ಅತ್ತೆ ಮಾವನಿಗೆ ಅದರಿಂದ ನಷ್ಟವೇನಿಲ್ಲ. ಸರ್ಕಾರಿ ಫೆರಿ ನಂಬಿಕೊಂಡರೆ ಶುಕ್ರವಾರ ಅದು ಓಡುತ್ತದೆಯೇ ಅಂತ ಮೊದಲೇ ಕೇಳಿಕೊಳ್ಳಿ.

ಮಾಲೆಯಲ್ಲಿ ವಾಪಸ್ ವಿಮಾನಕ್ಕೆ ಮುಂಚೆ ಕೃಷ್ಣನನ್ನು ಬಿಡಿಸಿಕೊಳ್ಳಲು ಮುಕ್ಕಾಲು ಗಂಟೆ ಹಿಡಿಯಿತು. ರಸೀದಿ ಅತ್ತೆಯ ಬ್ಲೌಸಿನೊಳಗೆ ಬೆವರಿಗೆ ಒದ್ದೆಯಾಗಿ ನಂಬರು ಅರ್ಧ ಅಳಿಸಿತ್ತು.

ಕಳೆದುಹೋದ ಮೊದಲ ರಾತ್ರಿಯ ದುಡ್ಡು ವಾಪಸ್ ಕೊಡಿ ಅಂತ ಏಜೆಂಟನಿಗೆ ಬರೆದೆ. ನಾವೇ ಸಹಿ ಹಾಕಿದ ಕಾಗದದ ನಾಲ್ಕನೇ ಪುಟದ ಫೋಟೋ ಕಳಿಸಿದ, ಕೊನೆಯ ಸಾಲಿಗೆ ಕೆಂಪು ಗೆರೆ ಎಳೆದು. “ಸೀಪ್ಲೇನ್ ಸಮಯಕ್ಕೆ ಹೊಂದುವ ವಿಮಾನದಲ್ಲಿ ಬರುವುದು ಅತಿಥಿಗಳ ಹೊಣೆ” ಅಂತ ಅದರ ಅರ್ಥ. ವಿಮಾನದ ಟಿಕೆಟ್ ಮಾಡಿಕೊಟ್ಟದ್ದು ನೀವೇ ಅಲ್ಲವೇ ಅಂತ ಕೇಳಿದೆ. ಎರಡು ನೀಲಿ ಗೀಟು ಬಿದ್ದಿವೆ, ಉತ್ತರ ಇನ್ನೂ ಬಂದಿಲ್ಲ.