ಶಿವಮೊಗ್ಗ, ತೀರ್ಥಹಳ್ಳಿ ಕಡೆಯವರು ನೋಡಿ: ನರ್ಸ್ ಅಂತ ದುಡ್ಡು ತಗೊಂಡರು, ಕಳಿಸಿದ್ದು ನರ್ಸ್ ಅಲ್ಲ

ನಾಲ್ಕು ದಿನದಿಂದ ಬರೆಯಬೇಕು ಅಂದುಕೊಂಡು ಸುಮ್ಮನಾಗುತ್ತಿದ್ದೆ. ನಾಚಿಕೆ. ಬ್ಯಾಂಕಿನಲ್ಲಿ ದಿನಾ ಬೇರೆಯವರ ಕಾಗದಪತ್ರ ನೋಡಿ ಸಹಿ ಹಾಕುವ ನಾನೇ ಬಿಲ್ ಓದದೆ ದುಡ್ಡು ಕೊಟ್ಟೆ ಅಂತ ಹೇಗೆ ಹೇಳಿಕೊಳ್ಳಲಿ? ಆದರೆ ನಿನ್ನೆ ಒಂದು ಫೋನ್ ಬಂತು. ಅದಾದ ಮೇಲೆ ಸುಮ್ಮನಿರಲು ಆಗಲಿಲ್ಲ.

ಅಮ್ಮನಿಗೆ 64 ವರ್ಷ. ಬೀಡಿ, ಸಿಗರೇಟಿನ ಗಾಳಿಯೂ ಸೋಕದ ಜೀವ. ಆದರೂ ಶ್ವಾಸಕೋಶದ ಕ್ಯಾನ್ಸರ್ ಬಂತು. ಸೇದದವರಿಗೂ ಬರುತ್ತದೆ. ನೋಡಲು ಬಂದವರೆಲ್ಲ ಅದನ್ನೇ ಕೇಳಿ ಅಮ್ಮನನ್ನು ಅಳಿಸಿದರು, ಅದಿರಲಿ. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಬಲ ಶ್ವಾಸಕೋಶದಲ್ಲಿ ಮೂರು ಭಾಗ ಇರುತ್ತವೆ, ಅದರಲ್ಲಿ ಮೇಲಿನ ಭಾಗ ತೆಗೆದರು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಉಳಿದ ಭಾಗದಿಂದ ಗಾಳಿ ಸೋರುವುದು ನಿಲ್ಲಲಿಲ್ಲ. ಕೆಲವರಿಗೆ ಹೀಗಾಗುತ್ತದೆ, ನಿಧಾನಕ್ಕೆ ಮುಚ್ಚಿಕೊಳ್ಳುತ್ತದೆ, ಎದೆಯ ಟ್ಯೂಬ್ ಇಟ್ಟುಕೊಂಡೇ ಮನೆಗೆ ಹೋಗಿ ಅಂದರು.

ಪಕ್ಕೆಯಿಂದ ಒಂದು ಟ್ಯೂಬ್, ಅದರ ಇನ್ನೊಂದು ತುದಿ ಬಾಟಲಿಯೊಳಗಿನ ನೀರಿನಲ್ಲಿ ಮುಳುಗಿರುತ್ತದೆ. ಗಾಳಿ ಹೊರಗೆ ಬರಬೇಕು, ವಾಪಸ್ ಒಳಗೆ ಹೋಗಬಾರದು, ಅದಕ್ಕೆ ಆ ನೀರು. ವಾರ್ಡಿನ ಸಿಸ್ಟರ್ ಮೂರು ಸಲ ಹೇಳಿದ್ದರು: "ಬಾಟ್ಲಿ ಯಾವಾಗ್ಲೂ ಎದೆಗಿಂತ ಕೆಳಗೇ ಇರ್ಬೇಕು. ಎತ್ತಬೇಡಿ, ಓರೆ ಮಾಡಬೇಡಿ, ಟ್ಯೂಬ್ ಮಡಚಬೇಡಿ."

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಒಳಗೆ. ಆಷಾಢದ ಮಳೆ. ಕರೆಂಟ್ ಹೋದರೆ ಬರುವುದು ಯಾವಾಗಲೋ. ನೆಟ್‌ವರ್ಕ್ ಬೇಕಾದರೆ ಅಂಗಳದ ಮೂಲೆಗೆ ಹೋಗಿ ಕೊಡೆ ಹಿಡಿದು ನಿಲ್ಲಬೇಕು. ಅಪ್ಪಯ್ಯನಿಗೆ 70 ದಾಟಿದೆ, ತಮ್ಮನಿಗೆ ರಜೆ ಮುಗಿದಿತ್ತು, ನನಗೆ ಉಳಿದಿದ್ದು ಒಂದು ವಾರ. ಡ್ರೆಸ್ಸಿಂಗ್ ಮಾಡಬೇಕು, ಬಾಟಲಿಗೆ ದಿನಾ ಎಷ್ಟು ನೀರು ಬಂತು ಅಂತ ಬರೆದಿಡಬೇಕು, ಉಸಿರಿನ ವ್ಯಾಯಾಮಕ್ಕೆ ಕೊಟ್ಟ ಮೂರು ಚೆಂಡಿನ ಆಟಿಕೆ ಗಂಟೆಗೊಮ್ಮೆ ಎಳೆಸಬೇಕು, ದಿಂಬನ್ನು ಎದೆಗೆ ಒತ್ತಿ ಹಿಡಿದು ಕೆಮ್ಮಿಸಬೇಕು. ಹಾಗಾಗಿ ನರ್ಸ್ ಬೇಕಿತ್ತು. ನಾನು ಕೇಳಿದ್ದು ನರ್ಸ್. ನರ್ಸ್ ಅಂತಲೇ ಕೇಳಿದ್ದು.

ಶಿವಮೊಗ್ಗದ ಒಂದು ಏಜೆನ್ಸಿ. ದೂರು ಕೊಟ್ಟಿದ್ದೇನೆ, ಅದು ನಡೆಯುತ್ತಿದೆ, ಹೆಸರು ಇಲ್ಲಿ ಬರೆಯುವುದಿಲ್ಲ. ಫೋನಿನಲ್ಲಿ ಆ ಮನುಷ್ಯನ ಮಾತು ಅಂದರೆ ಬೆಣ್ಣೆ. "ಮೇಡಂ, ನಿಮ್ಮಮ್ಮ ಅಂದ್ರೆ ನಮ್ಮಮ್ಮ ಇದ್ದಂಗೆ. ಐಸಿಯು ಎಕ್ಸ್‌ಪೀರಿಯೆನ್ಸ್ ಇರೋ ಸಿಸ್ಟರನ್ನೇ ಕಳಿಸ್ತೀನಿ. ಎದೆ ಟ್ಯೂಬ್ ಅವರಿಗೆ ಏನೂ ಹೊಸದಲ್ಲ." ವಾಟ್ಸಾಪಿನಲ್ಲಿ ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, ಸರ್ಟಿಫಿಕೇಟಿನ ಫೋಟೋ ಕೂಡ ಬಂತು. ದಿನಕ್ಕೆ 1,400, ಹದಿನೈದು ದಿನದ್ದು ಮುಂಗಡ, ಮೇಲೆ ನೋಂದಣಿ ಅಂತ 3,000. ಒಟ್ಟು 24,000 ಅಂದೇ ಕಳಿಸಿದೆ. ಒಂದು ದಿನ ತಡ ಮಾಡಿದರೆ ಆ ಸಿಸ್ಟರ್ ಬೇರೆ ಮನೆಗೆ ಹೋಗಿಬಿಡುತ್ತಾರೆ ಅಂದರು. ನಂಬಿದೆ.

ಬಂದವಳು ಬೇರೆ ಹುಡುಗಿ. ಸರ್ಟಿಫಿಕೇಟಿನಲ್ಲಿದ್ದ ಹೆಸರೇ ಬೇರೆ, ಇವಳ ಹೆಸರೇ ಬೇರೆ. ಫೋನ್ ಮಾಡಿದರೆ, "ಆ ಸಿಸ್ಟರ್‌ಗೆ ಜ್ವರ ಮೇಡಂ. ಇವರೂ ಅದೇ ಬ್ಯಾಚು." ಆಗಲೇ ವಾಪಸ್ ಕಳಿಸಬೇಕಿತ್ತು. ಮಳೆಯಲ್ಲಿ ನೆನೆದು ಬಸ್ಸಿಳಿದು ಬಂದಿದ್ದಾಳೆ, ಅಮ್ಮ ಬೇರೆ ನೋವಿನಲ್ಲಿದ್ದಾರೆ, ಇರಲಿ ಬಿಡು ಅಂದುಕೊಂಡೆ. ಅದೇ ನನ್ನ ತಪ್ಪು.

ಮೂರನೇ ದಿನ ಬೆಳಿಗ್ಗೆ. ನಾನು ಅಡುಗೆಮನೆಯಲ್ಲಿ ಗಂಜಿ ಬಸಿಯುತ್ತಿದ್ದೆ. ಅಮ್ಮ ಕೆಮ್ಮಿದ ಸದ್ದು ಕೇಳಿ ಕೋಣೆಗೆ ಬಂದೆ. ಹುಡುಗಿ ನೆಲ ಒರೆಸುತ್ತಿದ್ದಾಳೆ. ಒರೆಸಲು ಅಡ್ಡ ಆಗುತ್ತೆ ಅಂತ ಬಾಟಲಿಯನ್ನು ಎತ್ತಿ ಮಂಚದ ಮೇಲೆ, ಅಮ್ಮನ ದಿಂಬಿನ ಪಕ್ಕ ಇಟ್ಟಿದ್ದಾಳೆ! ದಿಂಬಿಗೆ ಒರಗಿ ಓರೆಯಾಗಿ ನಿಂತಿತ್ತು. ಟ್ಯೂಬಿನೊಳಗೆ ಕೆಂಪು ಬಣ್ಣದ ನೀರು ಅಮ್ಮನ ಪಕ್ಕೆಯ ಕಡೆಗೆ ಮೆಲ್ಲಗೆ ಹೋಗುತ್ತಿತ್ತು. ನಾನು ಕಣ್ಣಾರೆ ನೋಡಿದೆ. ಹಿಂದೆ ಹೋಗಬಾರದ ನೀರು ಹಿಂದೆ ಹೋಗುತ್ತಿತ್ತು. ಬಾಟಲಿ ತೆಗೆದು ಕೆಳಗಿಟ್ಟೆ. ಕೈ ನಡುಗಿ ಟ್ಯೂಬ್ ಎಲ್ಲಿ ಕಿತ್ತು ಬರುತ್ತೋ ಅನ್ನಿಸಿತು.

ಹುಡುಗಿ ಅಳಲು ಶುರು ಮಾಡಿದಳು. ಹಾವೇರಿ ಕಡೆಯವಳು, ಪಿಯುಸಿ ಆಗಿದೆಯಂತೆ, ಅಷ್ಟೇ. "ಅಕ್ಕಾರ, ನನಗ ಬಾಟ್ಲಿ ಬಗ್ಗೆ ಯಾರೂ ಹೇಳೇ ಇಲ್ರಿ. ವಯಸ್ಸಾದವ್ರಿಗೆ ಊಟ ಮಾಡ್ಸೋದು, ಸ್ನಾನ ಮಾಡ್ಸೋದು ಅಷ್ಟ ಅಂದಿದ್ರು." ಅವಳ ಕೈಗೆ ದಿನಕ್ಕೆ ಸಿಗುವುದು 450 ಅಂತೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಇಲ್ಲ.

ಆ ದಿನವೇ ಅಮ್ಮನನ್ನು ಕಾರಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಮಂಡಗದ್ದೆ ದಾಟುವವರೆಗೂ ಬಾಟಲಿಯನ್ನು ನನ್ನ ಎರಡು ಪಾದದ ನಡುವೆ ಹಿಡಿದುಕೊಂಡು ಕೂತಿದ್ದೆ, ಆಮೇಲೆ ಅಪ್ಪಯ್ಯ ಹಿಡಿದರು. ಎಕ್ಸ್‌ರೇ ಸರಿ ಇತ್ತು. ಡಾಕ್ಟರು ಮಾತ್ರ ಚೆನ್ನಾಗಿ ಬೈದರು. ಬಾಟಲಿಯ ನೀರು ಎದೆಯೊಳಗೆ ಹೋದರೆ ಸೋಂಕು ಆಗಬಹುದು, ಗಾಳಿ ಸೋರುತ್ತಿರುವಾಗ ಯಾರಾದರೂ ಆ ಟ್ಯೂಬಿಗೆ ಕ್ಲಿಪ್ ಹಾಕಿ ಮುಚ್ಚಿದ್ದರೆ ಗಾಳಿ ಎದೆಯೊಳಗೇ ತುಂಬಿ ಜೀವಕ್ಕೇ ಕುತ್ತು ಅಂದರು. ಅಮ್ಮನ ಎದುರಿಗೇ ಅಂದರು.

ಈಗ ಏಜೆನ್ಸಿಯವರ ಉತ್ತರ ಕೇಳಿ. ಮೊದಲ ಸಲ: "ಸಣ್ಣ ವಿಷಯ ಮೇಡಂ, ಬಾಟ್ಲಿ ಅಲ್ವಾ, ಒಡೆದಿಲ್ವಲ್ಲ." ಎರಡನೇ ಸಲ: "ನಾವು ನರ್ಸ್ ಅಂತ ಹೇಳೇ ಇಲ್ಲ. ಬಿಲ್ ನೋಡಿ." ನೋಡಿದೆ. ಅಲ್ಲಿ 'ಪೇಷೆಂಟ್ ಅಟೆಂಡೆಂಟ್' ಅಂತ ಇತ್ತು. ದುಡ್ಡು ಹಾಕಿದ ಮೇಲೆ ಬಂದ ಬಿಲ್ ಅದು. ಆ ಎರಡು ಪದ ನೋಡಿದಾಗ ಆದ ಅವಮಾನ ಇನ್ನೂ ಹೋಗಿಲ್ಲ. ಸರ್ಟಿಫಿಕೇಟ್ ಕಳಿಸಿದ್ದು ಯಾಕೆ ಅಂದರೆ, "ಅದು ಸ್ಯಾಂಪಲ್ ಮೇಡಂ." ಸ್ಯಾಂಪಲ್! ದುಡ್ಡು ವಾಪಸ್ ಕೊಡಿ ಅಂದರೆ, "ರಿಪ್ಲೇಸ್‌ಮೆಂಟ್ ಉಂಟು, ರೀಫಂಡ್ ಇಲ್ಲ." ಕೊನೆಗೆ ಆ ಬೆಣ್ಣೆ ಮಾತಿನ ಮನುಷ್ಯ ಹೇಳಿದ್ದು ಇದು: "ಕಾಡೊಳಗೆ ಮನೆ ಇಟ್ಕೊಂಡು 1,400ಕ್ಕೆ ಓದಿದ ನರ್ಸ್ ಬೇಕು ಅಂದ್ರೆ ಎಲ್ಲಿಂದ ತರೋದು?" ಹಾಗಿದ್ದರೆ ಮೊದಲೇ ಹೇಳಬೇಕಿತ್ತಲ್ಲ. ಸಿಗಲ್ಲ ಅಂದಿದ್ದರೆ ಸಂಬಳ ಇಲ್ಲದ ರಜೆ ಹಾಕಿ ನಾನೇ ಕೂರುತ್ತಿದ್ದೆ. ಮೊದಲೇ ಹೇಳಬೇಕಿತ್ತು.

ದಯವಿಟ್ಟು, ಯಾರಿಗಾದರೂ ಮನೆಗೆ ನರ್ಸ್ ಬೇಕಾದರೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಕೇಳಿ. ಜಿಎನ್‌ಎಂ ಮೂರು ವರ್ಷದ ಓದು, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಓದಿದವರಿಗೆ ಆ ಸಂಖ್ಯೆ ಇರುತ್ತದೆ, ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಬಾಗಿಲಿಗೆ ಬಂದವರ ಆಧಾರ್ ಮತ್ತು ಸರ್ಟಿಫಿಕೇಟಿನ ಹೆಸರು ಒಂದೇ ಇದೆಯಾ ನೋಡಿ. ಎರಡು ದಿನಕ್ಕಿಂತ ಜಾಸ್ತಿ ಮುಂಗಡ ಕೊಡಬೇಡಿ. ಬಿಲ್ ಮೊದಲು, ದುಡ್ಡು ಆಮೇಲೆ. ಮೋಸ ಆಗಿದ್ದರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ನಾನೂ ಅಲ್ಲೇ ದೂರು ಬರೆಸಿದ್ದು. ದುಡ್ಡು ಇನ್ನೂ ಬಂದಿಲ್ಲ.

ನಮಗೆ ಆಮೇಲೆ ದಾರಿ ತೋರಿಸಿದ್ದು ಊರಿನ ಆಶಾ ಕಾರ್ಯಕರ್ತೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಸಿಸ್ಟರ್ ಎರಡು ಮೈಲಿ ಆಚೆ ಇದ್ದರು, ನಮಗೇ ಗೊತ್ತಿರಲಿಲ್ಲ. ಬಂದವರು ಚೀಲ ಕೆಳಗಿಟ್ಟು, ಅಮ್ಮನನ್ನು ಮಾತಾಡಿಸುವ ಮೊದಲೇ ಕುಕ್ಕರಗಾಲಿನಲ್ಲಿ ಕೂತು ಬಾಟಲಿಗೆ ಟಾರ್ಚ್ ಬಿಟ್ಟರು. "ಉಸಿರು ತಗೊಳ್ಳಿ ಅಮ್ಮಾ" ಅಂದರು. ಟ್ಯೂಬಿನ ನೀರು ಮೇಲೆ ಹೋಗಿ ಕೆಳಗೆ ಬಂತು. "ಕೆಮ್ಮಿ" ಅಂದರು. ಎರಡು ಗುಳ್ಳೆ. "ಗಾಳಿ ಸೋರೋದು ಕಡಿಮೆಯಾಗ್ತಾ ಇದೆ" ಅಂದರು. ಆ ಒಂದು ಮಾತಿಗೆ ನಾನು ಒಳಗೆ ಹೋಗಿ ಅತ್ತೆ. ಹನ್ನೆರಡು ದಿನ ಕಳೆದ ಮೇಲೆ ಟ್ಯೂಬ್ ತೆಗೆದರು. ಈಗ ಅಮ್ಮ ಜಗಲಿವರೆಗೂ ನಡೆಯುತ್ತಾರೆ. ಬಚ್ಚಲ ಒಲೆ ಹೊತ್ತಿಸಿದಾಗ ಹೊಗೆ ಬರದ ಹಾಗೆ ಬಾಗಿಲು ಹಾಕಿಕೊಳ್ಳುತ್ತೇವೆ.

ನಿನ್ನೆ ಬಂದ ಫೋನ್ ಆ ಹಾವೇರಿ ಹುಡುಗಿಯದು. ಅಮ್ಮ ಹೇಗಿದ್ದಾರೆ ಅಂತ ಕೇಳಿದಳು. ಅವಳನ್ನು ಈಗ ಭದ್ರಾವತಿಯಲ್ಲಿ, ಹಾರ್ಟ್ ಆಪರೇಷನ್ ಆದವರೊಬ್ಬರ ಮನೆಗೆ ಕಳಿಸಿದ್ದಾರಂತೆ. "ಸಿಸ್ಟರ್ ಅಂತ ಹೇಳ್ಕೋ ಅಂದಾರ್ರಿ ಅಕ್ಕಾರ, ಏನ್ ಮಾಡ್ಲಿ?" ಅಂದಳು. ಆ ಮನೆಯವರ ನಂಬರ್ ಕೇಳುವಷ್ಟರಲ್ಲಿ ಲೈನ್ ಕಟ್ ಆಯಿತು. ಮೂರು ಸಲ ಮಾಡಿದೆ, ಸ್ವಿಚ್ ಆಫ್. ಭದ್ರಾವತಿಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಅಕ್ಕಪಕ್ಕದ ಯಾವ ಮನೆಗಾದರೂ ಈ ವಾರ ಹೊಸದಾಗಿ ಹೋಮ್ ನರ್ಸ್ ಬಂದಿದ್ದರೆ, ಅವರಿಗೆ ಇದನ್ನು ಇವತ್ತೇ ತೋರಿಸಿ.